ಆಚೆಯಿಂದ ಬಂದದ್ದು

ರೋಸ್ವಿತಾ ತಿಂದದ್ದು ಎರಡೇ ಚಾಕೊಲೇಟು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಗಂಡಸು ಏದುಸಿರು ಬಿಡುತ್ತ ನಿಂತಿದ್ದ.

"ಎಷ್ಟು ತಿಂದ್ರಿ?"

ಬಾಯಿ ತುಂಬಿತ್ತು. ಎರಡು ಬೆರಳು ತೋರಿಸಿದಳು.

"ಕೆಳಗಿನ ಸಾಲಿಗೆ ಹೋಗಿಲ್ಲ ತಾನೆ?"

ಅವನು ಬಂದು ಚಿನ್ನದ ಬಣ್ಣದ ಕಾಗದವನ್ನು ಮೆಲ್ಲಗೆ ಎತ್ತಿದ. ಕೆಳಗೆ ಚಾಕೊಲೇಟು ಇರಲಿಲ್ಲ. ಕಪ್ಪು ಸ್ಪಂಜಿನಲ್ಲಿ ಆರು ಚಿಪ್‌ಗಳು ಜರಿಹುಳುಗಳ ಹಾಗೆ ಕಾಲೂರಿ ಕೂತಿದ್ದವು.

"ಇದನ್ನ ಕಚ್ಚಿದ್ರೆ ನಿಮ್ಮ ಹಲ್ಲು ಹೋಗ್ತಿತ್ತು, ನನ್ನ ಕೆಲಸ ಹೋಗ್ತಿತ್ತು."

"ಹೆಸರಿಲ್ಲದ ಡಬ್ಬಿ ನನ್ನ ಮೇಜಿನ ಮೇಲೆ ಇಟ್ಟು ಹೋದೋರು ಯಾರು? ನಾನಂತೂ ಯಾರೋ ಅಭಿಮಾನಿ ಕೊಟ್ಟಿದ್ದು ಅಂದ್ಕೊಂಡೆ."

"ಡಾಕ್ಟರ್ ಕ್ನೋರ್ ಮೇಜು ಅಂದ್ಕೊಂಡಿದ್ದೆ."

"ಅವರಿಗೂ ಅಭಿಮಾನಿಗಳು ಇದಾರಾ?"

ಅವನು ನಕ್ಕ. ನಗುತ್ತಲೇ ತನ್ನ ತುಟಿಯ ಅಂಚನ್ನು ಮುಟ್ಟಿ ತೋರಿಸಿದ. ಅವಳು ಒರೆಸಿಕೊಂಡಳು. "ಇಲ್ಲ, ಆ ಕಡೆ." ಮತ್ತೆ ಒರೆಸಿಕೊಂಡಳು. ಹೆಬ್ಬೆರಳಿನ ಹಸಿರು ಮಸಿ ಕೆನ್ನೆಗೆ ಹತ್ತಿತು. ಅದನ್ನು ಅವನು ಹೇಳಲಿಲ್ಲ. ಸಂಜೆ ಮನೆಗೆ ಹೋಗಿ ಕನ್ನಡಿ ನೋಡಿದ ಮೇಲೆ, ಆ ಮನುಷ್ಯ ಯಾಕೆ ಅಷ್ಟು ಹೊತ್ತು ತನ್ನನ್ನೇ ನೋಡುತ್ತ ನಿಂತಿದ್ದ ಎಂದು ರೋಸ್ವಿತಾಗೆ ಗೊತ್ತಾಯಿತು. ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಮುಖ ತೊಳೆಯಲಿಲ್ಲ.

ಅವನ ಹೆಸರು ಎಕಾರ್ಟ್. ಕಾಗದದ ಮೇಲೆ ವಿದೇಶ ವ್ಯಾಪಾರದ ಅಧಿಕಾರಿ. ತಿಂಗಳಿಗೊಮ್ಮೆ ವಿಯೆನ್ನಾ, ಮ್ಯೂನಿಕ್. ಪೂರ್ವ ಜರ್ಮನಿಯಲ್ಲಿ ಉಳಿದವರೆಲ್ಲ ಗೋಡೆಯ ಆ ಬದಿಗೆ 'ಆಚೆ' ಎನ್ನುತ್ತಿದ್ದರು. ಅದನ್ನು ನೋಡಿ ಬರುವವರು ಕೆಲವರೇ. ನೋಡಿ ಬರಿಗೈಯಲ್ಲಿ ಬರಬಾರದವನು ಎಕಾರ್ಟ್. ಆಚೆಯವರು ಇತ್ತ ಮಾರದ ಚಿಪ್‌ಗಳನ್ನು ಗುಟ್ಟಾಗಿ ತರುವುದೇ ಅವನ ನಿಜವಾದ ಕೆಲಸ.

ಡ್ರೆಸ್ಡೆನ್ನಿನ ಉತ್ತರಕ್ಕೆ, ಪೈನ್ ಕಾಡಿನ ಅಂಚಿನಲ್ಲಿ ರೋಸ್ವಿತಾ ಕೆಲಸ ಮಾಡುವ ಸಂಸ್ಥೆ. ಎಕಾರ್ಟ್ ತಂದ ಚಿಪ್‌ ಅನ್ನು ಅಲ್ಲಿ ಆಸಿಡ್‌ನಲ್ಲಿ ತೆರೆಯುತ್ತಿದ್ದರು. ಪದರ ಪದರವಾಗಿ ಸುಲಿದು, ಪ್ರತಿ ಪದರಕ್ಕೂ ಸೂಕ್ಷ್ಮದರ್ಶಕದಲ್ಲಿ ನೂರಾರು ಫೋಟೋ ತೆಗೆದು, ಎಲ್ಲವನ್ನೂ ಹಾಲ್‌ನ ನೆಲದ ಮೇಲೆ ಅಂಟಿಸುತ್ತಿದ್ದರು. ಉಗುರಿನಷ್ಟಿದ್ದ ಚಿಪ್ ಒಂದು ಊರಿನಷ್ಟಾಗುತ್ತಿತ್ತು. ಹೆಂಗಸರು ಬೂಟು ಕಳಚಿ, ಬರೀ ಕಾಲುಚೀಲದಲ್ಲಿ ಆ ಊರಿನ ಬೀದಿಗಳ ಮೇಲೆ ಮೊಣಕಾಲೂರಿ, ಪ್ಲಾಸ್ಟಿಕ್ ಹಾಳೆ ಹಾಸಿ ಒಂದೊಂದೇ ಗೆರೆಯನ್ನು ಮಸಿಯಲ್ಲಿ ಎತ್ತಿಕೊಳ್ಳುತ್ತಿದ್ದರು.

ಮುಖ್ಯಸ್ಥ ಡಾಕ್ಟರ್ ಕ್ನೋರ್ ಅವರದು ಒಂದೇ ನಿಯಮ: "ಅರ್ಥ ಆದ್ರೆ ನಕಲು ಮಾಡಿ. ಅರ್ಥ ಆಗ್ಲಿಲ್ಲ ಅಂದ್ರೆ ಇನ್ನೂ ಹುಷಾರಾಗಿ ನಕಲು ಮಾಡಿ."

"ಮೊದಲು ಈ ಹಾಲ್‌ನಲ್ಲಿ ಎಂಥ ಜಗಳ ಆಗ್ತಿತ್ತು ಗೊತ್ತಾ, ಹುಡುಗೀ," ಎನ್ನುತ್ತಿದ್ದಳು ಪಕ್ಕದಲ್ಲಿ ಗೆರೆ ಎಳೆಯುವ ಫ್ರೌ ಲಿಪ್ಪೋಲ್ಡ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. "ನನ್ನ ದಾರಿ ಸರಿ, ನಿನ್ನ ದಾರಿ ಸರಿ ಅಂತ ಸ್ಕೇಲಲ್ಲೇ ಹೊಡೆದಾಡೋರು. ಈಗ ನೋಡು, ಎಷ್ಟು ಶಾಂತಿ. ಸ್ಮಶಾನದ ಥರ."

ರೋಸ್ವಿತಾಗೆ ಆ ಜಗಳ ಬೇಕಾಗಿತ್ತು. ನಾಲ್ಕು ವರ್ಷದಿಂದ ಭಾನುವಾರಗಳಂದು ಅಡುಗೆಮನೆಯ ಮೇಜಿನ ಮೇಲೆ ಅವಳು ತನ್ನದೇ ಒಂದು ನೆನಪಿನ ಚಿಪ್‌ನ, ಎಂದರೆ ಕಂಪ್ಯೂಟರಿನ ಮೆಮೊರಿಯ, ನಕ್ಷೆ ಬರೆಯುತ್ತಿದ್ದಳು. ಆಚೆಯವರ ಯಂತ್ರಗಳಿಗಾಗಿ ಅಲ್ಲ, ಇಲ್ಲಿನ ಹಳೇ ಯಂತ್ರಗಳು ಮಾಡಬಲ್ಲಂಥದ್ದು. ಬರ್ಲಿನ್ನಿನ ಸಮಿತಿಗೆ ಕಳಿಸಿದಳು. ಒಂದೇ ಸಾಲಿನ ಉತ್ತರ ಬಂತು: 'ಇಂಥದ್ದು ಆಚೆ ಇದೆಯೇ? ಇಲ್ಲವಾದರೆ ಏಕಿಲ್ಲ?'

ಹಿಂದಕ್ಕೆ ಬಂದ ಆ ನಕ್ಷೆಯನ್ನು ಸಂಸ್ಥೆಯ ಭದ್ರತಾ ಅಧಿಕಾರಿ ಹೆರ್ ಚೋಖೆ ತಮ್ಮ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಯಾರಿಗೂ ಬೇಡವಾದ ನಕ್ಷೆ ರಾಜ್ಯದ ಗುಟ್ಟಾಯಿತು.

ಎಕಾರ್ಟ್ ಮತ್ತೆ ಬಂದ. ಆಮೇಲೆ ಡಬ್ಬಿ ಇಲ್ಲದೆಯೂ ಬಂದ. ಒಮ್ಮೆ ಎಲ್ಬೆ ನದಿಯ ಸ್ಟೀಮರಿನಲ್ಲಿ, ಗಾಳಿಗೆ ಅವಳ ಟೋಪಿ ಹಾರಿದಾಗ, "ನಿಮ್ಮ ಟೋಪಿ!" ಎಂದು ಕೂಗಿ, ಹಿಡಿಯಲು ಹೋಗಿ, ಹಿಡಿಯಲಾಗದೆ, "ಹೋಯ್ತು ನಿನ್ನ ಟೋಪಿ," ಎಂದ. ಆ ಎರಡು ಮಾತಿನ ನಡುವೆ 'ನೀವು' ಕೂಡ ನೀರಿಗೆ ಬಿದ್ದಿತ್ತು. ಇಬ್ಬರೂ ಅದನ್ನು ಹುಡುಕಲು ಹೋಗಲಿಲ್ಲ.

ಅಡುಗೆಮನೆಯಲ್ಲಿ ಅವನ ಸ್ವೆಟರಿನ ಹರಿದ ಮೊಣಕೈ ಹೆಣೆಯುತ್ತ ಅವಳು ತನ್ನ ಕೆಲಸ ವಿವರಿಸಿದಳು.

"ನೆನಪಿನ ಚಿಪ್ ಅಂದ್ರೆ ಇಷ್ಟೇ. ಒಂದು ಕುಣಿಕೆ ಗೊತ್ತಾದ್ರೆ ಇಡೀ ಸ್ವೆಟರ್ ಬರುತ್ತೆ. ಆ ಒಂದು ಕುಣಿಕೇನ ನಾನು ಈ ಹಾಳೆಯಲ್ಲಿ ಹಿಡಿದಿದೀನಿ."

ಅವನು ಹಾಳೆಯನ್ನಲ್ಲ, ಅವಳ ಬೆರಳನ್ನು ನೋಡುತ್ತಿದ್ದ. "ನಾನು ಎತ್ಕೊಂಡು ಬರೋನು ರೋಸಿ, ನೀನು ಮಾಡೋಳು. ನಾನು ಒಂದು ಡಬ್ಬಿ ತಂದಾಗಲೆಲ್ಲ ನಿನ್ನದು ಒಂದು ವರ್ಷ ಹಿಂದಕ್ಕೆ ಹೋಗುತ್ತೆ. ಗೊತ್ತು ನನಗೆ."

"ಹಾಗಾದ್ರೆ ತರಬೇಡ."

"ತರದಿದ್ರೆ ಮುಂದಿನ ಸಲ ಬೇರೆಯವನು ಹೋಗ್ತಾನೆ. ಅವನು ಕಾಫಿಪುಡೀನೂ ತರಲ್ಲ."

ಅವಳು ಸೂಜಿಯಿಂದ ಅವನ ಮೊಣಕೈ ಚುಚ್ಚಿದಳು. ಪ್ರೀತಿ ಅಷ್ಟು ಸಲೀಸಾಗಿ ನಡೆಯುತ್ತಿತ್ತು, ದುಃಖ ಅದರ ಒಳಮೈಯಲ್ಲಿ ಹೊಲಿದ ಅಸ್ತರಿಯ ಹಾಗೆ ಕಾಣದೆ ಜೊತೆಗಿರುತ್ತಿತ್ತು.

ಒಂದೂವರೆ ವರ್ಷ ಹೀಗೆ ಹೋಯಿತು. ಮಾರ್ಚಿನಲ್ಲಿ ಹೊಸ ಡಬ್ಬಿ ಬಂತು. ಡಾಕ್ಟರ್ ಕ್ನೋರ್ ಅವರ ಕನ್ನಡಕ ಹೊಳೆಯುತ್ತಿತ್ತು. "ಆಚೆ ಇನ್ನೂ ಅಂಗಡಿಗೇ ಬಂದಿಲ್ಲ ಇದು. ಆಶ್ಚರ್ಯ ಏನು ಅಂದ್ರೆ, ನಮ್ಮ ಯಂತ್ರದಲ್ಲೇ ಮಾಡಬಹುದು! ಮೊದಲ ಕಂತು ಆಸ್ಪತ್ರೆಗಳಿಗೆ, ಬರ್ಲಿನ್‌ಗೆ ಮಾತು ಕೊಟ್ಟಿದೀನಿ."

ಫೋಟೋಗಳು ನೆಲಕ್ಕೆ ಅಂಟಿದವು. ರೋಸ್ವಿತಾ ಕಾಲುಚೀಲದಲ್ಲಿ ಆ ಊರಿಗೆ ಇಳಿದಳು. ನಾಲ್ಕು ಹೆಜ್ಜೆಗೇ ಏನೋ ವಿಚಿತ್ರವೆನಿಸಿತು. ಕತ್ತಲಲ್ಲಿ ಸ್ವಂತ ಮನೆಯೊಳಗೆ ನಡೆದ ಹಾಗೆ, ಮುಂದಿನ ತಿರುವು ಎಲ್ಲಿ ಎಂದು ಕಾಲಿಗೆ ಮೊದಲೇ ಗೊತ್ತಾಗುತ್ತಿತ್ತು.

"ಇಲ್ನೋಡು," ಎಂದಳು ಫ್ರೌ ಲಿಪ್ಪೋಲ್ಡ್. "ಈ ಗೆರೆ ನೆಟ್ಟಗೆ ಹೋಗೋದು ಬಿಟ್ಟು ಹೀಗ್ಯಾಕೆ ಸುತ್ತು ಹಾಕಿದೆ?"

ರೋಸ್ವಿತಾ ನೋಡಿದಳು. ಕೂತುಬಿಟ್ಟಳು.

ಆ ಸುತ್ತು ಅವಳದು. ಅದು ತಪ್ಪು ಎಂದು ಅವಳಿಗೆ ಗೊತ್ತಾದದ್ದು ಕಳೆದ ಏಪ್ರಿಲಿನಲ್ಲಿ. ಬಿಸಿ ಏರಿದರೆ ಆ ಸುತ್ತಿನಿಂದಾಗಿ ಚಿಪ್ ತನ್ನೊಳಗಿದ್ದದ್ದನ್ನೆಲ್ಲ ಮರೆತುಬಿಡುತ್ತಿತ್ತು. ಹೊಸ ಹಾಳೆಯಲ್ಲಿ ಗೆರೆಯನ್ನು ನೇರ ಮಾಡಿದ್ದಳು. ಆದರೆ ಬೀರುವಿನಲ್ಲಿದ್ದದ್ದು ಹಳೇ ನಕ್ಷೆ. ನೆಲದ ಮೇಲಿದ್ದದ್ದೂ ಹಳೆಯದೇ.

ಡಾಕ್ಟರ್ ಕ್ನೋರ್ ಬಗ್ಗಿ ನೋಡಿ ತಲೆದೂಗಿದರು. "ಆಚೆಯವರು ಸುಮ್ಮಸುಮ್ಮನೆ ಸುತ್ತು ಹಾಕಲ್ಲ. ಏನೋ ಆಳವಾದ ಕಾರಣ ಇರುತ್ತೆ. ಎಂಥ ಬುದ್ಧಿ! ಹಾಗೇ ಎತ್ತಿಕೊಳ್ಳಿ."

ಅವಳು ಎತ್ತಿಕೊಂಡಳು. ತನ್ನ ತಪ್ಪನ್ನು ತಾನೇ, ಅಂದವಾಗಿ.

ಭಾನುವಾರ ಮಧ್ಯಾಹ್ನ ಎಲ್ಬೆಯ ಹುಲ್ಲುಗಾವಲಿನಲ್ಲಿ ಎಕಾರ್ಟ್ ಕಾಯುತ್ತಿದ್ದ. ಅವಳ ಮುಖ ನೋಡಿ ಮುಗುಳ್ನಕ್ಕ. ಹುಟ್ಟುಹಬ್ಬದ ಉಡುಗೊರೆಯನ್ನು ಬಿಚ್ಚಿದ್ದಾಳೆಯೇ ಎಂದು ಕೇಳುವವನ ನಗು.

"ಗುರುತು ಸಿಕ್ತಾ?"

"ಯಾವ ಹಾಳೆ ಒಯ್ದೆ?"

"ಹೋದ ಬೇಸಿಗೆ. ಹಣ್ಣಿನ ಬುಟ್ಟಿ ಕೆಳಗಿತ್ತಲ್ಲ, ಅದು. ಮ್ಯೂನಿಕ್‌ನಲ್ಲಿ ನಂಗೆ ಚಿಪ್ ಕೊಡ್ತಾನಲ್ಲ, ಅವನ ಕೈಲೇ ಹತ್ತು ಮಾಡಿಸ್ದೆ. ಯಾರದ್ದು ಅಂತ ಅವನಿಗೆ ಹೇಳಿಲ್ಲ." ಅವನ ಮಾತಿನಲ್ಲಿ ಉಸಿರು ಮುಂದೋಡುತ್ತಿತ್ತು. "ನಿನ್ನದು ಅಂದಾಗ ಯಾರೂ ತಿರುಗಿ ನೋಡ್ಲಿಲ್ಲ ರೋಸಿ. ಅಲ್ಲಿಂದ ಬಂತು ಅಂದ ತಕ್ಷಣ ಕ್ನೋರ್ ಮಂಡಿಯೂರಿ ಕೂತಿದಾರೆ. ನಿನ್ನ ಚಿಪ್ ಆಗುತ್ತೆ ಕಣೇ! ಹೆಸರಿಲ್ಲದಿದ್ರೇನು, ಆಗುತ್ತೆ!"

"ಅದು ಕರಡು ಹಾಳೆ, ಎಕಾರ್ಟ್. ಒಲೆ ಹಚ್ಚೋಕೆ ಇಟ್ಟಿದ್ದೆ."

ಅವನಿಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ಹೇಳುತ್ತ ಹೇಳುತ್ತ ನಗು ಬಂತು. ನಗು ನಿಲ್ಲಲಿಲ್ಲ, ಕಣ್ಣೀರಾಗಿ ಮುಗಿಯಿತು. ಅವನು ಅವಳ ಭುಜ ಹಿಡಿದುಕೊಂಡ.

"ಸುಮ್ಮನಿದ್ದುಬಿಡು. ಯಾರಿಗೆ ಗೊತ್ತಾಗುತ್ತೆ?"

"ಆಸ್ಪತ್ರೆಗೆ ಹೋಗ್ತಿದೆ ಅದು. ಯಾರದೋ ಎದೆ ಬಡಿತ ಲೆಕ್ಕ ಇಡೋ ಯಂತ್ರ ನಡುವೆ ಮರೆತುಬಿಟ್ರೆ?"

ಅವನು ಕೈ ತೆಗೆದ.

"ಬಾಯಿ ಬಿಟ್ರೆ ಚೋಖೆ ಬೀರು ತೆಗೀತಾರೆ," ಎಂದಳು. "ಎರಡು ನಕ್ಷೆ ಪಕ್ಕಪಕ್ಕ ಇಡ್ತಾರೆ. ಚಿಪ್ ಒಳಗೆ ತಂದೋನಿಗೆ ಪದಕ ಕೊಟ್ಟಿದಾರೆ. ನಕ್ಷೆ ಹೊರಗೆ ಒಯ್ದೋನಿಗೆ ಏನು ಕೊಡ್ತಾರೆ ಅಂತ ನಿಂಗೆ ನನಗಿಂತ ಚೆನ್ನಾಗಿ ಗೊತ್ತು."

ಸ್ಟೀಮರೊಂದು ಹಾದುಹೋಯಿತು. ಮೇಲಿನಿಂದ ಯಾರೋ ಇವರತ್ತ ಕೈಬೀಸಿದರು. ಇಬ್ಬರೂ ಅಭ್ಯಾಸಬಲದಿಂದ ಕೈಬೀಸಿದರು.

"ಮಂಗಳವಾರ ವಿಯೆನ್ನಾಗೆ ಹೋಗ್ತಿದೀಯಲ್ಲ," ಎಂದಳು ರೋಸ್ವಿತಾ. "ಬರಬೇಡ."

"ನೀನು?"

"ನನ್ನ ಹತ್ರ ಪಾಸ್‌ಪೋರ್ಟ್ ಇಲ್ಲ."

"ನಿನ್ನನ್ನ ಬಿಡ್ತಾರಾ?"

"ನಾನು ಮನೇಲಿ ಕೂತು ಗೆರೆ ಎಳೆದೋಳು. ಅದಕ್ಕೆ ಎಷ್ಟು ವರ್ಷ ಅಂತ ಅವರೇ ಹುಡುಕ್ಲಿ." ಮಾತು ಹಗುರವಾಗಿತ್ತು, ಧ್ವನಿ ಆಗಿರಲಿಲ್ಲ. "ನೀನು ಆಚೆ ಸೇರೋವರೆಗೆ ಸುಮ್ಮನಿರ್ತೀನಿ. ಆಮೇಲೆ ಇರಲ್ಲ."

"ನಾನು ಪ್ರೀತಿಗೆ ಮಾಡಿದ್ದು ಅದು."

"ಗೊತ್ತು. ಅದಕ್ಕೇ ನಿನ್ನನ್ನ ಬೈಯೋಕೂ ಆಗ್ತಿಲ್ಲ. ಕೇಳಿದ್ದಿದ್ರೆ ಸರಿಯಾದ ಹಾಳೆ ಕೊಡ್ತಿದ್ದೆನಲ್ಲ, ದಡ್ಡ."

ಮಂಗಳವಾರ ಬೆಳಿಗ್ಗೆ ನಿಲ್ದಾಣದಲ್ಲಿ ಜನ ಇದ್ದರು. ಪಕ್ಕದ ಬೆಂಚಿನಲ್ಲಿ ಪತ್ರಿಕೆ ಹಿಡಿದು ಕೂತಿದ್ದವನು ಪುಟ ತಿರುಗಿಸುತ್ತಲೇ ಇರಲಿಲ್ಲ. ಎಕಾರ್ಟ್ ಒಂದು ಚಿಕ್ಕ ಪೆಟ್ಟಿಗೆ ಹಿಡಿದಿದ್ದ, ಮೂರು ದಿನಕ್ಕೆ ಸಾಲುವಷ್ಟು. ಹೆಚ್ಚು ಒಯ್ದರೆ ಗಡಿಯಲ್ಲಿ ಕೇಳುತ್ತಾರೆ. ಒಂದು ಜನ್ಮಕ್ಕೆ ಅಷ್ಟೇ ಬಟ್ಟೆ.

"ಗುರುವಾರ ಬರ್ತೀನಿ," ಎಂದ ಅವನು ಗಟ್ಟಿಯಾಗಿ. "ಕೇಕ್ ಮಾಡಿಟ್ಟಿರು."

"ಕಾಫಿಪುಡಿ ಮರೀಬೇಡ," ಎಂದಳು ಅವಳೂ ಗಟ್ಟಿಯಾಗಿ.

"ಯಾವತ್ತು ಮರ್ತಿದೀನಿ?"

"ಈಸ್ಟರ್‌ಗೆ ಮರ್ತಿದ್ದೆ."

"ಒಂದೇ ಒಂದು ಸಲ."

ಮೂರು ದಿನಕ್ಕೆ ಹೋಗುವವನನ್ನು ಎಷ್ಟು ಹೊತ್ತು ಅಪ್ಪಿಕೊಳ್ಳಬಹುದೋ ಅಷ್ಟೇ ಹೊತ್ತು ಅಪ್ಪಿಕೊಂಡಳು. ಅವನ ಕೋಟಿನ ಕಾಲರಿನಲ್ಲಿ ಆಚೆಯ ಸೋಪಿನ ವಾಸನೆ. ಕಿವಿಯ ಬಳಿ ಅವನು ಏನೋ ಹೇಳಿದ. ಇಂಜಿನ್ನಿನ ಸದ್ದಿಗೆ ಅರ್ಧವೇ ಕೇಳಿಸಿತು. ಉಳಿದರ್ಧವನ್ನು ಮತ್ತೆ ಕೇಳುವ ಹಾಗಿರಲಿಲ್ಲ.

ಗುರುವಾರ ಅವಳು ಕೇಕ್ ಮಾಡಿದಳು. ಮಾಡದಿದ್ದರೆ ನೆರೆಯವರು ಗಮನಿಸುತ್ತಿದ್ದರು. ಒಂದು ತುಂಡನ್ನು ತಿನ್ನಲು ನೋಡಿದಳು, ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೆರ್ ಚೋಖೆ ಹಾಲ್‌ಗೆ ಬಂದರು. ನಿಯಮ ಮಾಡಿದವರೇ ಅವರಾದ್ದರಿಂದ ಬಾಗಿಲಲ್ಲಿ ಬೂಟು ಬಿಚ್ಚಬೇಕಾಯಿತು. ಬಲಗಾಲಿನ ಹೆಬ್ಬೆರಳು ಕಾಲುಚೀಲದಿಂದ ಇಣುಕುತ್ತಿತ್ತು.

"ಫ್ರಾಯ್ಲೈನ್, ನಿಮ್ಮ ಸ್ನೇಹಿತರು ನಿಮಗೇನಾದ್ರೂ ಫೋನ್ ಮಾಡಿದ್ರಾ?"

"ಇಲ್ಲ. ನಿನ್ನೆ ಬರ್ತೀನಿ ಅಂದಿದ್ರು."

"ಹೋಟೆಲ್‌ನಲ್ಲಿ ಇಲ್ಲ. ನಮ್ಮ ಕಚೇರಿಗೂ ಹೋಗಿಲ್ಲ. ವಿಯೆನ್ನಾದಲ್ಲಿ ಎಲ್ಲ ಕಡೆ ಹುಡುಕಿಸ್ತಿದೀವಿ. ಅವರಿಗೆ ಗೊತ್ತಿರೋರು ಯಾರಾದ್ರೂ ಅಲ್ಲಿ..."

"ನನಗೆ ಗೊತ್ತಿಲ್ಲ, ಹೆರ್ ಚೋಖೆ."

ಹುಡುಕುತ್ತಿದ್ದಾರೆ. ಸಿಕ್ಕವನನ್ನು ಯಾರೂ ಹುಡುಕುವುದಿಲ್ಲ. ರೋಸ್ವಿತಾ ಆ ಮಾತನ್ನು ಒಳಗೆ ಎರಡು ಸಲ ಹೇಳಿಕೊಂಡಳು. ಅವನು ಬದುಕಿದ್ದಾನೆ, ಇನ್ನು ಎಂದೂ ಸಿಗುವುದಿಲ್ಲ: ಎರಡೂ ಒಂದೇ ಸುದ್ದಿಯಲ್ಲಿದ್ದವು. ಅವುಗಳನ್ನು ಬೇರೆ ಮಾಡಲು ಯಾವ ಆಸಿಡ್ಡೂ ಇರಲಿಲ್ಲ.

ಹೆರ್ ಚೋಖೆ ಬಾಗಿಲ ಕಡೆ ನಡೆದರು. ಅವಳು ಮೊಣಕಾಲೂರಿ ಬ್ಲೇಡ್ ತೆಗೆದುಕೊಂಡಳು. ಹಾಳೆಯ ಮೇಲೆ ಒಣಗಿದ್ದ ಆ ಸುತ್ತು ಗೆರೆಯನ್ನು ಕೆರೆಯತೊಡಗಿದಳು. ಕಪ್ಪು ಪುಡಿ ಏಳತೊಡಗಿತು.

"ಏನ್ ಮಾಡ್ತಿದೀಯ, ಹುಡುಗೀ!" ಫ್ರೌ ಲಿಪ್ಪೋಲ್ಡ್ ಅವಳ ಮಣಿಕಟ್ಟು ಹಿಡಿದಳು. "ಹುಚ್ಚು ಹಿಡೀತಾ?"

ಡಾಕ್ಟರ್ ಕ್ನೋರ್ ಓಡಿಬಂದರು. "ಮುಟ್ಟಬೇಡಿ ಅಂತ ಹೇಳಿದ್ದೆನಲ್ಲ! ಆಚೆಯವರು ಹಾಕಿದ ಗೆರೆ ಅದು!"

"ತಪ್ಪು ಗೆರೆ, ಹೆರ್ ಡಾಕ್ಟರ್. ಬಿಸಿಯಾದ್ರೆ ಎಲ್ಲ ಮರೆತುಹೋಗುತ್ತೆ. ಇಲ್ಲಿಂದ ಇಲ್ಲಿಗೆ ನೇರ ಹೋಗ್ಬೇಕು."

"ನಿಮಗೆ ಹೇಗೆ ಗೊತ್ತು?"

ಅವಳು ಫ್ರೌ ಲಿಪ್ಪೋಲ್ಡಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಪೆನ್ನು ತೆಗೆದಳು, ಸ್ಕೇಲ್ ಇಟ್ಟಳು.

"ಆ ತಪ್ಪು ಮಾಡಿದ್ದು ನಾನೇ," ಎಂದಳು. "ಬೀರುವಿನಲ್ಲಿ ನಕ್ಷೆ ಇದೆ. ನನ್ನ ಸಹಿ ಇದೆ."

ಬಾಗಿಲ ಬಳಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ ಹೆರ್ ಚೋಖೆಯವರ ಕೈ ನಿಂತಿತು. ಡಾಕ್ಟರ್ ಕ್ನೋರ್ ನೆಲದ ಮೇಲಿನ ಆ ಊರನ್ನೂ, ಅದರ ನಡುವೆ ಕೂತಿದ್ದ ಹೆಂಗಸನ್ನೂ ಮೊದಲ ಸಲ ಎಂಬಂತೆ ನೋಡಿದರು. ಅವಳ ಮೇಲೆ ಬೀಳುತ್ತಿದ್ದ ತಮ್ಮ ನೆರಳನ್ನು ಒಂದು ಹೆಜ್ಜೆ ಹಿಂದಕ್ಕೆ ತೆಗೆದುಕೊಂಡರು.

ರೋಸ್ವಿತಾ ಗೆರೆಯನ್ನು ಪೂರ್ತಿ ಎಳೆದಳು. ಮಸಿ ಒಣಗುವವರೆಗೆ ಕಾದಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಬೂಟು ಹಾಕಿಕೊಳ್ಳಲು ಎದ್ದಳು.