ಯಾರಿಗಾಗಿ ಈ ಓದು

ಸುಷ್ಮಾಳ ಪರವಾಗಿ ನಾಗೇಂದ್ರ ಬಾಯಿ ತೆರೆದ ಕ್ಷಣದಲ್ಲೇ ಅವಳಿಗೆ ಅವನ ಮೇಲೆ ಕೆಂಡದಂಥ ಸಿಟ್ಟು ಬಂತು.

ಬ್ಯಾಕೋಡಿನ ಅವಳ ಮನೆಯ ಜಗಲಿಯಲ್ಲಿ ಮದುವೆಯ ಮಾತುಕತೆ ನಡೆದಿತ್ತು. ಸಾಗರದಲ್ಲಿ ಪಿಯುಸಿ ಓದುವಾಗಿನಿಂದ ಇಬ್ಬರಿಗೂ ಸ್ನೇಹ. ಈಗ ಅವಳು ಅದೇ ಊರಿನ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್, ಅವನು ನಿಟ್ಟೂರಿನಲ್ಲಿ ದನದ ಡಾಕ್ಟರು. ಎಲ್ಲ ಸಲೀಸಾಗಿ ಸಾಗುತ್ತಿದ್ದಾಗ ನಾಗೇಂದ್ರನ ಅಪ್ಪ ಮಂಜುನಾಥಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು, "ಮೈಸೂರಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆಯಂತೆ. ಅದನ್ನ ಬಿಡ್ತಾಳಲ್ಲ? ಫಿಲಾಸಫಿ ಓದಿ ಎಂತ ಮಾಡದು?"

ಸುಷ್ಮಾಳ ಅಪ್ಪ ತಲೆ ತಗ್ಗಿಸಿದರು. ಆಗ ನಾಗೇಂದ್ರ ಹೇಳಿದ, "ಓದ್ಲಿ ಬಿಡಪ್ಪ. ತಾಯಿ ಓದಿದ್ರೆ ನಾಳೆ ಮಕ್ಕಳಿಗೇ ಒಳ್ಳೇದಲ್ವಾ?"

"ಅದೂ ಹೌದು," ಎಂದರು ಮಂಜುನಾಥಪ್ಪ. ಎಲ್ಲರ ಮುಖ ಅರಳಿತು. ನಾಗೇಂದ್ರ ಗೆದ್ದವನಂತೆ ಅವಳತ್ತ ನೋಡಿ, ಯಾರಿಗೂ ಕಾಣದಂತೆ ಹುಬ್ಬು ಕುಣಿಸಿದ. ಬೇರೆ ದಿನವಾಗಿದ್ದರೆ ಆ ಹುಬ್ಬಿಗೆ ಅವಳ ಕೆನ್ನೆ ಕೆಂಪಾಗುತ್ತಿತ್ತು. ಇವತ್ತು ಕಾಫಿ ತಟ್ಟೆಯನ್ನು ಅಲ್ಲೇ ಕುಕ್ಕಿ ಹಿತ್ತಿಲಿಗೆ ಹೊರಟುಹೋದಳು.

ಅವನು ಹಿಂದೆಯೇ ಓಡಿಬಂದ. "ಎಂತಾಯ್ತೇ? ನಿನ್ನ ಪರವಾಗೇ ಮಾತಾಡಿದ್ನಲ್ಲ!"

"ಹುಟ್ಟದೇ ಇರೋ ಮಕ್ಕಳ ಪರವಾಗಿ ಮಾತಾಡಿದೆ. ನಿನ್ನನ್ನ ಒಳ್ಳೆ ಅಪ್ಪ ಆಗ್ಲಿ ಅಂತ ಡಾಕ್ಟರ್ ಕೋರ್ಸು ಓದಿಸಿದ್ರಾ?"

ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ.

"ಇನ್ನೂರು ವರ್ಷದ ಹಿಂದೇನೇ ಹೆಣ್ಣಿಗೂ ಬುದ್ಧಿ ಇದೆ, ಓದಿಸಿ ಅಂತ ಬರೆದ ಹೆಂಗಸರಿದ್ರು. ಗಂಡಸರು ಕಿವಿಗೆ ಹಾಕ್ಕೊಳ್ಳಲಿ ಅಂತ ಅವರೂ ಇದನ್ನೇ ಹೇಳ್ಬೇಕಾಯ್ತು. ಓದಿದವಳು ಒಳ್ಳೆ ಹೆಂಡತಿ ಆಗ್ತಾಳೆ, ಒಳ್ಳೆ ತಾಯಿ ಆಗ್ತಾಳೆ ಅಂತ. ಅದನ್ನ ಪಾಠ ಮಾಡೋವಾಗೆಲ್ಲ ನಂಗೇ ಅವಮಾನ ಆದಂಗಾಗತ್ತೆ. ನೀನೂ ಇವತ್ತು ಅದೇ ಲಂಚ ಕೊಟ್ಟೆ."

"ಕೆಲಸ ಆಯ್ತಲ್ಲ, ಮಾರಾಯ್ತಿ!"

"ನಾಳೆ ಮಕ್ಕಳೇ ಆಗ್ಲಿಲ್ಲ ಅಂದ್ರೆ? ನನ್ನ ಓದು ದಂಡನಾ? ಹೋಗು, ನಂಗೀ ಮದುವೆ ಬೇಡ!"

ಬಂದವರು ಎದ್ದುಹೋದರು. ಅಮ್ಮ ಅತ್ತಳು. ಹುಡುಗಿಗೆ ಸೊಕ್ಕು ಎಂದು ನೆಂಟರು ಆಡಿಕೊಂಡರು. ಸುಷ್ಮಾ ನಾಗೇಂದ್ರನ ನಂಬರನ್ನು ಬ್ಲಾಕ್ ಮಾಡಿದಳು. ಸ್ವಲ್ಪ ಹೊತ್ತಿಗೆ ತೆಗೆದಳು. ಫೋನ್ ಬರಲಿಲ್ಲವೆಂದು ಮತ್ತೆ ಸಿಟ್ಟಾದಳು. ಅವನ ಮೇಲೆ ಕೋಪವಿದ್ದಷ್ಟೇ ಅವನಿಲ್ಲದೆ ದಿನ ಬಿಕೋ ಎನ್ನುತ್ತಿತ್ತು. ಅದೂ ಅವಳಿಗೆ ಅವಮಾನದಂತೆ ಕಂಡಿತು.

ಒಂದು ಸಂಜೆ ಕ್ಲಾಸು ಮುಗಿಸಿ ಬಂದರೆ ಕಾಲೇಜಿನ ಗೇಟಿನ ಹತ್ತಿರ ಅವನು ನಿಂತಿದ್ದ. ಕೊಟ್ಟಿಗೆಯಿಂದ ನೇರ ಬಂದಿದ್ದನೇನೋ, ಅಂಗಿ ತೋಳಿಗೆ ಹುಲ್ಲು ಅಂಟಿತ್ತು.

"ಸಿಟ್ಟು ಇಳೀತಾ?"

"ಇಲ್ಲ."

"ಸರಿ. ಒಂದು ಕೇಳ್ಬೇಕಿತ್ತು. ನೀನು ಇದನ್ನ ಯಾಕೆ ಓದ್ಬೇಕು ಅಂತಿದೀಯ?"

ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಸದಾ ವಾದಕ್ಕೆ ನಿಲ್ಲುವ ಸುಷ್ಮಾ ತಡವರಿಸಿದಳು. "ಯೋಚನೆ ಮಾಡ್ತಾ ಕೂತ್ರೆ ನಂಗೆ ಖುಷಿಯಾಗತ್ತೆ, ನಾಗೇಂದ್ರ. ನಿನ್ನೆ ಅರ್ಥ ಆಗ್ದೇ ಇದ್ದಿದ್ದು ಇವತ್ತು ಅರ್ಥ ಆದ್ರೆ ಹಾರಾಡೋ ಹಂಗಾಗತ್ತೆ. ಅಷ್ಟೇ."

ಅವನು ಅವಳ ಮುಖವನ್ನೇ ನೋಡುತ್ತಿದ್ದ. "ಹಂಗಾದ್ರೆ ನಿನ್ನೆ ಅಪ್ಪಂಗೆ ಹೇಳಿದ್ದು ಸರೀನೇ, ಅವಳಿಗೆ ಇಷ್ಟ, ಅದಕ್ಕೆ ಓದ್ತಾಳೆ ಅಂತ. ಅದರಿಂದ ನಮ್ಮನೆಗೆ ಎಂತ ಲಾಭ ಅಂದ್ರು."

"ನೀನೇನಂದೆ?"

"ಏನೂ ಲಾಭ ಇಲ್ಲ ಅಂದೆ."

ಸುಷ್ಮಾಳ ಕಣ್ಣು ತುಂಬಿತು. ಅವನು ಹಿಂದೆ ಆಡಿದ ಯಾವ ಮುದ್ದಿನ ಮಾತೂ ಅವಳೊಳಗೆ ಇಷ್ಟು ಇಳಿದಿರಲಿಲ್ಲ.

"ಮತ್ತೆ ಮಾವ?"

"ಮಾತು ಬಿಟ್ಟಿದಾರೆ," ಎಂದವನು, ಅವಳು ತನ್ನಪ್ಪನನ್ನು ಮಾವ ಎಂದದ್ದು ಹೊಳೆದು ಮೆಲ್ಲಗೆ ನಕ್ಕ.

"ಮೊದಲು ಮೈಸೂರು. ಮದುವೆ ಆಮೇಲೆ. ಕಾಯ್ತಿರು ಅಂತ ನಾನು ಕೇಳಲ್ಲ."

"ಕೇಳ್ಬೇಡ. ಕಾಯೋದು ನನ್ನಿಷ್ಟ."

ಅವಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಅಷ್ಟು ಬೇಗ ಇಳಿಯುವಂಥದ್ದೂ ಆಗಿರಲಿಲ್ಲ. ಆದರೂ ಬಸ್ಸಿಗೆ ಹೊರಟ ವಿದ್ಯಾರ್ಥಿನಿಯರೆಲ್ಲ ನೋಡುತ್ತಿರುವಾಗಲೇ ಸುಷ್ಮಾ ಮೇಡಂ ಅವನ ಕೈ ಹಿಡಿದುಕೊಂಡರು.