ಐದೂಇಪ್ಪತ್ತರ ಬಾಟ್ಲಿ

ಜೂನ್ 12, ಶುಕ್ರವಾರ, ಬೆಳಿಗ್ಗೆ 8.40. ಡೆನ್ಮಾರ್ಕಿನ ಸ್ಟೆನ್‌ವಿಗ್ ಠಾಣೆಗೆ ಪ್ರೆಬೆನ್ ಲಿಂಡ್‌ಹೋಯ್ ಕೂಗಾಡುತ್ತಲೇ ಬಂದ. ಸೂಕ್ಷ್ಮ ಚರ್ಮದವರ ಮುಲಾಮಿಗೆ ಕಿಣ್ವದಿಂದ ಕೊಬ್ಬು ತಯಾರಿಸುವ ಕಾರ್ಖಾನೆ ಅವನದು. ಸೋಮವಾರ ಹೊರಡಬೇಕಿದ್ದ ಒಂಬೈನೂರು ಕಿಲೋ ಕೊಬ್ಬನ್ನು ಯಾರೋ 95 ಡಿಗ್ರಿಗೆ ಕಾಯಿಸಿ ಕೆಡಿಸಿದ್ದರು.

"ಎಳೆ ಮಕ್ಕಳ ಕೆನ್ನೆಗೆ ಹಚ್ಚೋ ಮಾಲು! ಸಂಜೆಯೊಳಗೆ ಅವನನ್ನ ಹಿಡಿ."

"ಹಿಡೀತೀನಿ. ಗಡಿಯಾರ ನೀನು ನೋಡ್ಬೇಡ," ಎಂದಳು ಇನ್ಸ್‌ಪೆಕ್ಟರ್ ರಾಗ್ನ್‌ಹಿಲ್ಡ್. ಎಫ್‌ಐಆರ್ ಬರೆದು, ಕಾನ್‌ಸ್ಟೇಬಲ್ ಟ್ರೋಲ್ಸ್‌ನನ್ನು ಕರೆದುಕೊಂಡು ಹೊರಟಳು.

ಕಾರ್ಖಾನೆಯ ಊಟದ ಕೋಣೆಯಲ್ಲಿ ಶುಕ್ರವಾರ ಎಲ್ಲರೂ ಸೇರಿ ತಿನ್ನುವ ಬ್ರೆಡ್ಡು ಹಾಗೇ ಬಿದ್ದಿತ್ತು. ಪೊಲೀಸರಿಗೆ ಒಂದು ಲೋಟ ಕಾಫಿ ಬೇಕೇ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ನಮ್ಮ ಸ್ಟೆನ್‌ವಿಗ್ ಕಡೆ ಇದಕ್ಕಿಂತ ದೊಡ್ಡ ಬೈಗುಳ ಬೇಕಿಲ್ಲ.

ಕೊಬ್ಬಿನ ತೊಟ್ಟಿಗಳಿದ್ದ ಕೋಣೆಯ ಬಾಗಿಲನ್ನು ಆಸಾಮಿ ತೆರೆದದ್ದು ರಜೆಯಲ್ಲಿದ್ದ ಹೆಂಗಸೊಬ್ಬಳ ಕಾರ್ಡಿನಿಂದ. ನಲ್ಲಿಗಳ ಮೇಲೆ ಒಂದು ಬೆರಳಚ್ಚೂ ಇರಲಿಲ್ಲ. ಆಸಾಮಿ ಜಾಣ.

10.15ಕ್ಕೆ ಟ್ರೋಲ್ಸ್ ಸ್ಯಾಂಪಲ್ ಇಡುವ ಫ್ರಿಜ್ಜು ತೆಗೆದ. ತೊಟ್ಟಿ ಮುಟ್ಟುವ ಮೊದಲು ಒಂದು ಬಾಟ್ಲಿ ತೆಗೆದಿಡುವುದು ಅಲ್ಲಿನ ನಿಯಮ. ಒಂದರ ಮೇಲೆ ಚೀಟಿ ಇತ್ತು: ತೊಟ್ಟಿ 3, ಬೆಳಿಗ್ಗೆ 5.20, ಕಾಯಿಸುವ ಮೊದಲು. ಕೆಳಗೆ ಸಹಿ, ವಿಗ್ಗೋ.

"ಅಯ್ಯೋ ಪುಣ್ಯಾತ್ಮ! ಹಾಳು ಮಾಡೋಕ್ಕೆ ಬಂದು ಹಾಜರಿ ಹಾಕಿ ಹೋಗಿದ್ದಾನೆ," ಎಂದ ಟ್ರೋಲ್ಸ್.

ಪ್ರೆಬೆನ್ ತಟ್ಟನೆ ಕೈಚಾಚಿದ. "ಅದು ಕಂಪನಿ ಸೊತ್ತು. ಕೊಡು ಇಲ್ಲಿ."

"ಮಹಜರಿಗೆ ಸೇರಿತು. ಕೈ ತೆಗಿ," ಎಂದಳು ರಾಗ್ನ್‌ಹಿಲ್ಡ್. ಅರಗಿನ ಮುದ್ರೆ ಒತ್ತಿ ಬಾಟ್ಲಿಯನ್ನು ಪ್ರಯೋಗಾಲಯಕ್ಕೆ ಕಳಿಸಿದಳು.

ಮಧ್ಯಾಹ್ನ 1.30ಕ್ಕೆ ವಿಗ್ಗೋನನ್ನು ಠಾಣೆಯಲ್ಲಿ ಕೂರಿಸಿದರು. ಮೂವತ್ತೊಂದು ವರ್ಷದಿಂದ ಅದೇ ತೊಟ್ಟಿಗಳ ಆಪರೇಟರ್. ಟ್ರೋಲ್ಸ್ ಕಡೆಗೆ ಮುಖವನ್ನೇ ತಿರುಗಿಸಲಿಲ್ಲ.

"ಕಾಯಿಸಿದ್ದು ನೀನಾ?" ಎಂದಳು ರಾಗ್ನ್‌ಹಿಲ್ಡ್.

"ನಾನೇ."

"ಕದ್ದು ಬಂದವನು ಬಾಟ್ಲಿ ಯಾಕಿಟ್ಟೆ?"

"ಸ್ಯಾಂಪಲ್ ತೆಗೀದೆ ಯಾವತ್ತೂ ತೊಟ್ಟಿ ಮುಟ್ಟಿಲ್ಲ. ಕೈ ತನ್ನ ಪಾಡಿಗೆ ಮಾಡ್ತು."

"ಕಾಯಿಸಿದ್ದು ಯಾಕೆ?"

"ಕಿಣ್ವ ಸಾಯ್ಲಿ ಅಂತ. ಸೋಸೋ ಬಲೆ ಹರಿದಿದೆ. ಕೊಬ್ಬು ಕಟ್ಟೋ ಕಿಣ್ವವೇ ಮುಲಾಮಿನಲ್ಲಿ ಉಳಿದ್ರೆ ಚರ್ಮದ ಕೊಬ್ಬನ್ನ ತಿನ್ನುತ್ತೆ. ಏಪ್ರಿಲ್‌ನಲ್ಲಿ ಪರೀಕ್ಷೆಗೆ ಅಂತ ಮುಲಾಮನ್ನ ಮನೆಗೆ ಕೊಟ್ರು. ಮೊಮ್ಮಗಳು ಸಿಗ್ನೆಗೆ ಹಚ್ಚಿದ್ವಿ. ಕೆನ್ನೆ ಹಸಿ ಮಾಂಸ ಆಯ್ತು. ಪ್ರೆಬೆನ್ ಏನಂದ ಗೊತ್ತಾ? ಮಗು ಕೆರ್ಕೊಂಡಿದೆ ಅಂದ!"

"ನಮ್ಮ ಹತ್ರ ಬರೋಕ್ಕೇನಾಗಿತ್ತು?"

ವಿಗ್ಗೋ ಈಗ ಟ್ರೋಲ್ಸ್‌ನನ್ನು ದುರುಗುಟ್ಟಿ ನೋಡಿದ. "ಬಂದಿದ್ದೆ. ಮೇ ಆರಕ್ಕೆ, ಮಗು ಫೋಟೋ ಹಿಡ್ಕೊಂಡು. ಇದು ಪೊಲೀಸ್ ಕೆಲಸ ಅಲ್ಲ, ಮನೆಗೆ ಹೋಗು ತಾತ ಅಂದ, ಈ ಮಹಾರಾಯ."

ಟ್ರೋಲ್ಸ್‌ಗೆ ಆ ದಿನ ನೆನಪಿತ್ತು. ನಾಚಿಕೆಯಾಯಿತು.

4.10ಕ್ಕೆ ವಿಗ್ಗೋನ ಬಂಧನವಾಯಿತು. ಕೆಡಿಸಿದ್ದು ಕೆಡಿಸಿದ್ದೇ, ಕಾನೂನಿಗೆ ಮೊಮ್ಮಕ್ಕಳಿಲ್ಲ. ಬುಧವಾರ ವರದಿ ಬಂತು. ಐದೂಇಪ್ಪತ್ತರ ಬಾಟ್ಲಿಯಲ್ಲಿ, ಸೋಸಿ ತೆಗೆದಿರಬೇಕಿದ್ದ ಕಿಣ್ವ ಜೀವಂತವಾಗಿತ್ತು. ಅಂದೇ ಪ್ರೆಬೆನ್ ಮೇಲೂ ಎಫ್‌ಐಆರ್ ಆಯಿತು.

ವಿಗ್ಗೋನ ಕಡತದಲ್ಲಿ 'ಕೃತ್ಯಕ್ಕೆ ಕಾರಣ' ಎಂಬ ಜಾಗ ಖಾಲಿ ಉಳಿದಿತ್ತು. ರಾಗ್ನ್‌ಹಿಲ್ಡ್ ಪೆನ್ನನ್ನು ಟ್ರೋಲ್ಸ್‌ನ ಮುಂದಿಟ್ಟಳು. ಅವನು ಬರೆದ: "ಮೇ 6ರಂದು ಆರೋಪಿ ದೂರು ಕೊಡಲು ಬಂದಿದ್ದರು. ನಾನು ತೆಗೆದುಕೊಳ್ಳಲಿಲ್ಲ."

ಕೆಳಗೆ ಸಹಿ ಹಾಕಿ, ಸಮಯವನ್ನೂ ಬರೆದ.