ಗಿಣ್ಣು, ಕಾಡಿಗೆ ಮತ್ತು ಅಜ್ಜಿಯ ಮಣೆ

"ತಿನ್ನಲಿಲ್ಲ," ಎಂದು ಪಾಕೆಟ್ಟನ್ನು ಕೌಂಟರಿನ ಮೇಲಿಟ್ಟೆ.

ಅಂಗಡಿಯವನು ಮೂಲೆ ಕತ್ತರಿಸಿದ ಪಾಕೆಟ್ಟನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಓಪನ್ ಆಗಿರೋದು ವಾಪಸ್ ತಗೊಳಲ್ಲ ಕಣ್ರೀ."

"ಮೇಲೆ ಏನು ಬರೆದಿದೆ ಓದಿ. ಎಲ್ಲ ಬೆಕ್ಕುಗಳಿಗೂ ಇಷ್ಟ ಅಂತ. ನಮ್ಮನೇಲಿ ಎರಡಿವೆ. ಎರಡಕ್ಕೂ ಇಷ್ಟ ಇಲ್ಲ. ಅಂದ್ರೆ ಬರೆದಿರೋದು ಸುಳ್ಳು ತಾನೆ?"

"ಅದನ್ನ ಬೆಕ್ಕುಗಳಿಗೆ ಓದಿ ಹೇಳಿದ್ರಾ?"

"ನಗಬೇಡಿ."

"ಎಲ್ಲಿ ನಕ್ಕೆ?"

ನಕ್ಕಿರಲಿಲ್ಲ, ನಿಜ. ಆದರೆ ಅವನ ತುಟಿಯ ಎಡತುದಿಯಲ್ಲಿ ಒಂದು ನಗು ಕೂತು ಅಪ್ಪಣೆಗೆ ಕಾಯುತ್ತಿತ್ತು. ಬೇರೆ ದಿನವಾಗಿದ್ದರೆ ಆ ನಗುವನ್ನು ಮನೆಗೆ ಹೊತ್ತುಕೊಂಡು ಹೋಗಿ ಚಿತ್ರ ಬರೆಯುತ್ತಿದ್ದೆ. ಅಂದು ಮಾತ್ರ ನನ್ನ ಕಣ್ಣು ತುಂಬಿ ಬಂತು.

"ಹೀಗೇ ಉಪವಾಸ ಇದ್ರೆ ಲಿವರ್ ಹಾಳಾಗುತ್ತೆ ಅಂದಿದಾರೆ ಡಾಕ್ಟ್ರು. ನಮ್ಮಜ್ಜಿ ನನ್ನ ನಂಬಿ ಬಿಟ್ಟು ಹೋಗಿದಾರೆ. ಅವರು ಬರೋ ಹೊತ್ತಿಗೆ ಇವು ಇಲ್ಲ ಅಂತಾದ್ರೆ ಏನು ಹೇಳಲಿ ನಾನು?"

ತುಟಿಯ ತುದಿಯ ನಗು ಎದ್ದು ಹೋಯಿತು. ಅವನು ಕಪಾಟಿನಿಂದ ಒಂದೊಂದು ಬಗೆಯ ಸಣ್ಣ ಪಾಕೆಟ್ಟು ತೆಗೆದು ಬ್ಯಾಗಿಗೆ ಹಾಕತೊಡಗಿದ.

"ಅಡ್ರೆಸ್ ಹೇಳಿ. ಸಾಯಂಕಾಲ ನಾನೇ ಬರ್ತೀನಿ. ತಿನ್ನಿಸ್ದೆ ವಾಪಸ್ ಹೋಗಲ್ಲ."

"ತಿನ್ನಿಸೋದು ನಾನು. ನೀವು ಬೇಕಾದ್ರೆ ಬ್ಯಾಗ್ ಹಿಡ್ಕೊಂಡು ನಿಂತ್ಕೊಳಿ."

"ಸರಿ ಬುಡಿ. ನನ್ನ ಹೆಸರು ಅಭಿಲಾಷ್. ಬ್ಯಾಗ್ ಹಿಡಿಯೋನ ಹೆಸರೂ ಗೊತ್ತಿರ್ಲಿ."

ನನ್ನ ಹೆಸರು ಅನನ್ಯ. ಸಿದ್ಧಾರ್ಥನಗರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತೇನೆ. ಅಪ್ಪ ಅಮ್ಮ ಕೆಲಸದ ಮೇಲೆ ಊರೂರು ಸುತ್ತುವವರಾದ್ದರಿಂದ ನಾನು ಬೆಳೆದದ್ದೆಲ್ಲ ಕೃಷ್ಣಮೂರ್ತಿಪುರಂನಲ್ಲಿ, ವೇದವತಿ ಅಜ್ಜಿಯ ಮಡಿಲಲ್ಲಿ, ಅವರ ಕಥೆಗಳ ಒಳಗೆ. ಅಜ್ಜಿ ಮಂಡಿ ಆಪರೇಷನ್ ಮಾಡಿಸಿಕೊಂಡು ತುಮಕೂರಿನ ಚಿಕ್ಕಮ್ಮನ ಮನೆಯಲ್ಲಿದ್ದರು. ಮನೆಯಲ್ಲಿ ನಾನು, ಗಿಣ್ಣಿನ ಬಣ್ಣದ ಗಿಣ್ಣು, ಕಪ್ಪಗೆ ಹೊಳೆಯುವ ಕಾಡಿಗೆ.

ಅಜ್ಜಿ ಇರುವಾಗ ಇವೆರಡೂ ತುಪ್ಪ ಬೆರೆಸಿದ ಮೊಸರನ್ನವನ್ನು ತಟ್ಟೆ ಬೆಳಗುವಂತೆ ನೆಕ್ಕುತ್ತಿದ್ದವು. ಅಜ್ಜಿ ಹೋದದ್ದೇ ತಡ, ಮೊಸರನ್ನ ಬೇಡ, ಹಾಲು ಎರಡು ನೆಕ್ಕು, ಅಷ್ಟೆ. ಡಾಕ್ಟರು ಬೆಕ್ಕಿನ ಫುಡ್ ತನ್ನಿ ಎಂದರು. ಮಡಿ ಬಿಡದ ಅಜ್ಜಿಯ ಮನೆಗೆ ಮೀನಿನ ಪುಡಿ ಹಾಕಿದ ಪಾಕೆಟ್ಟು! ಕದ್ದು ತಂದೆ, ಹಿತ್ತಲಲ್ಲಿ ಬಡಿಸಿದೆ, ಊದುಬತ್ತಿ ಹಚ್ಚಿದೆ. ಗಿಣ್ಣು ಮೂಸಿ ಮುಖ ತಿರುಗಿಸಿದಳು. ಕಾಡಿಗೆಯಂತೂ ಮುಂಗಾಲಿನಿಂದ ನೆಲ ಕೆರೆದು ತಟ್ಟೆಯನ್ನು ಮಣ್ಣು ಮಾಡಲು ನೋಡಿದ.

ನಾನು ಹಟ ಬಿಡಲಿಲ್ಲ. ಆ ಹಟವೇ ನನ್ನನ್ನು ಅಂಗಡಿಯ ಕೌಂಟರಿಗೆ ತಂದು ನಿಲ್ಲಿಸಿದ್ದು.

ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಬರುತ್ತಾನೆ. ಇವನು ಇರ್ವಿನ್ ರಸ್ತೆಯ ಟ್ರಾಫಿಕ್ ದಾಟಿ, ತಲೆಗೆ ಹೆಲ್ಮೆಟ್ಟು, ಕೈಗೆ ಬ್ಯಾಗು ಸಿಕ್ಕಿಸಿಕೊಂಡು ಬಂದ.

ಕೋಳಿ ರುಚಿಯ ಪಾಕೆಟ್ಟು ಒಡೆದು ಬಡಿಸಿದೆವು. ಮೂಸಲಿಲ್ಲ. ಸಾಲ್ಮನ್ ಮೀನಿನದು ಬಡಿಸಿದೆವು. ಗಿಣ್ಣು ಕೂತು ಬಾಲ ತೊಳೆದುಕೊಂಡಳು. ಅಭಿಲಾಷ್ ನೆಲಕ್ಕೆ ಮಂಡಿಯೂರಿ, "ಅಮ್ಮಣ್ಣೀ, ಒಂದೇ ಒಂದು ಕಾಳು ಕಣಮ್ಮ, ನನ್ ಮರ್ಯಾದೆ ಉಳ್ಸು," ಎಂದು ಅಂಗಲಾಚಿದ. ಕಾಡಿಗೆ ಅವನ ಎದುರು ಬಾಯಿ ತೆರೆದದ್ದು ಆಕಳಿಸಲು.

"ಬೆಕ್ಕಲ್ಲ ಕಣ್ರೀ ಇವು. ಅರಮನೆ ಬೀಗರು."

ಕತ್ತಲಾಗುತ್ತಿತ್ತು. ಪಾಪ, ಅಂಗಡಿಯಿಂದ ನೇರ ಬಂದಿದ್ದಾನೆ. ಅವರೆಕಾಳು ಉಪ್ಪಿಟ್ಟು ಮಾಡಿದ್ದೆ. ಕೊನೆಗೆ ಉಳಿದಿದ್ದ ಟ್ಯೂನ ಮೀನಿನ ಕಾಳು ಹಾಕಿದ ಪುಟ್ಟ ತಟ್ಟೆಗಳನ್ನು ಹಿತ್ತಲಲ್ಲಿ ಇರುವೆ ಮುತ್ತುತ್ತವೆಂದು ನಡುಮನೆಗೆ ತಂದಿಟ್ಟು, ನಮ್ಮಿಬ್ಬರಿಗೂ ಬಡಿಸಿದೆ. ಗೋಡೆ ಬದಿಯಲ್ಲಿದ್ದ ಮಣೆಯನ್ನು ಅವನು ತಾನೇ ಎಳೆದುಕೊಂಡು ಕೂತ. ಅದು ಅಜ್ಜಿಯ ಮಣೆ. ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವನು ತಟ್ಟೆ ನೋಡಿ ಹಸಿದ ಮಗುವಿನಂತೆ ನಕ್ಕುಬಿಟ್ಟ. ಹೇಳಲಿಲ್ಲ.

"ಶುರು ಮಾಡಾಣ್ವಾ?" ಎಂದ.

ಗಿಣ್ಣು ಬಂದಳು. ಹಿಂದೆಯೇ ಕಾಡಿಗೆ. ಸದ್ದಿಲ್ಲದೆ ತಮ್ಮ ತಟ್ಟೆಗಳ ಮುಂದೆ ಕೂತು, ಕಟುಂ ಕಟುಂ ಎಂದು ತಿನ್ನತೊಡಗಿದವು.

ನಾವಿಬ್ಬರೂ ಉಸಿರು ಬಿಗಿಹಿಡಿದೆವು. ಅವನ ಕೈ ತುತ್ತಿನ ಸಮೇತ ಗಾಳಿಯಲ್ಲೇ ನಿಂತಿತ್ತು. ನನ್ನ ಕಡೆ ತಿರುಗಿ ಹುಬ್ಬೇರಿಸಿ, ಸದ್ದಿಲ್ಲದೆ ತುಟಿ ಆಡಿಸಿದ: ಟ್ಯೂನ!

ಮರುದಿನ ಬೆಳಿಗ್ಗೆ ಅದೇ ಟ್ಯೂನ, ಅದೇ ತಟ್ಟೆ. ಮುಟ್ಟಲಿಲ್ಲ. ಫೋನ್ ಮಾಡಿದೆ.

"ನಿನ್ನೆ ತಿಂದಿದ್ದು ನಾನೇ ಕಣ್ಣಾರೆ ನೋಡಿದೀನಿ," ಎಂದು ಅವನು ರೇಗಿದ. "ನಿಮಗೆ ಬಡ್ಸೋಕೆ ಬರಲ್ಲ."

"ಬಂದು ಕಲಿಸಿ ಹಾಗಾದ್ರೆ!"

ಬಂದ. ದೋಸೆ ಹುಯ್ದೆ. ಕೂತೆವು. ಬೆಕ್ಕುಗಳು ತಿಂದವು. ಅವನು ಹೋದ ಮೇಲೆ ಮತ್ತೆ ಉಪವಾಸ.

ಅದರ ಮಾರನೆಯ ಬೆಳಿಗ್ಗೆ, ನಿಂತು ತಿನ್ನುವ ನನ್ನ ಅಭ್ಯಾಸ ಬಿಟ್ಟು, ತಟ್ಟೆ ಹಿಡಿದು ನಡುಮನೆಯಲ್ಲಿ ಕೂತು ನೋಡಿದೆ. ಎರಡೂ ಓಡಿ ಬಂದವು. ತಟ್ಟೆ ಮುಂದೆ ಕೂತವು. ನನ್ನನ್ನು ನೋಡಿದವು. ಆಮೇಲೆ ಪಕ್ಕದ ಖಾಲಿ ಮಣೆಯನ್ನು ನೋಡಿದವು. ನೋಡುತ್ತಲೇ ಇದ್ದವು. ತಿನ್ನಲಿಲ್ಲ.

ಆಗ ಹೊಳೆಯಿತು. ಮರಿಯಾಗಿದ್ದಾಗಿನಿಂದ ಇವು ಉಂಡದ್ದು ನಮ್ಮ ಪಂಕ್ತಿಯಲ್ಲಿ. ಮಣೆಯ ಮೇಲೆ ಅಜ್ಜಿ, ಪಕ್ಕದಲ್ಲಿ ನಾನು, ತುದಿಯಲ್ಲಿ ಇವರಿಬ್ಬರು. ಎಲ್ಲರಿಗೂ ಬಡಿಸಿಯಾದ ಮೇಲೆ ಅಜ್ಜಿ, "ಹೂಂ, ಶುರು ಮಾಡಿ," ಎನ್ನುವರು. ಆಮೇಲೇ ಊಟ. ನಾನು ಕೋಳಿಯೋ ಮೀನೋ ಎಂದು ಅಂಗಡಿಗೆ ಅಲೆದೆ. ಇವಕ್ಕೆ ಬೇಕಾದದ್ದು ಪಂಕ್ತಿ. ಮಣೆ ತುಂಬಿರಬೇಕು, ಅಷ್ಟೆ.

ಇದನ್ನು ಅಭಿಲಾಷ್‌ಗೆ ಹೇಳಬೇಕಿತ್ತು. ಹೇಳಿದರೆ ಅವನ ಬದಲು ಪಕ್ಕದ ಮನೆಯ ಯಾರನ್ನಾದರೂ ಕರೆದು ಕೂರಿಸಬಹುದಿತ್ತು.

ಹೇಳಲಿಲ್ಲ.

ಅವನು ದಿನವೂ ಹೊಸ ಪಾಕೆಟ್ಟು ತಂದ. "ಇವತ್ತು ಸೀಗಡಿ. ಇದೇ ಲಾಸ್ಟ್. ಇದಕ್ಕೂ ಒಗ್ಗದಿದ್ರೆ ನಾಳೆ ಬೇರೆ ಲಾಸ್ಟ್ ತರ್ತೀನಿ." ನಾನು ದಿನವೂ ಗಂಭೀರವಾಗಿ ಪಾಕೆಟ್ಟಿನ ಮೇಲಿನದನ್ನು ಓದಿದೆ. ಕೂತೆವು, ಉಂಡೆವು. ನನ್ನ ಸಾರಿಗೆ ಉಪ್ಪು ಕಮ್ಮಿ ಎಂದ. ಹಾಗಾದರೆ ನೀವೇ ಮಾಡಿ ಎಂದೆ. ಅವರ ಅವ್ವ ಶಿವನಂಜಮ್ಮನವರು ಮಾಡುವಂತೆ ಮುದ್ದೆ ತೊಳಸಿ ತೋರಿಸಿದ. ಅವರದು ತಿ. ನರಸೀಪುರದ ಕಡೆಯ ಒಕ್ಕಲು ಮನೆತನ, ಊರಲ್ಲಿ ಈಗಲೂ ಗದ್ದೆ ಇದೆ. ಬಿಸಿ ಮುದ್ದೆಯನ್ನು ಅಂಗೈಯಲ್ಲಿ ಉರುಳಿಸುವಾಗ ಅವನ ಬೆರಳುಗಳ ತುದಿ ಕೆಂಪಾಗುವುದನ್ನು ನೋಡಿದೆ. ನೋಡಿದ್ದನ್ನು ಅವನು ನೋಡಿದ. ಇಬ್ಬರೂ ಒಟ್ಟಿಗೆ ಗಿಣ್ಣುವನ್ನು ಮಾತಾಡಿಸಿದೆವು.

ಇನ್ನೊಂದನ್ನೂ ನೋಡಿದೆ. ಊಟವಾದ ಮೇಲೆ ಅವನು ತನ್ನ ತಟ್ಟೆ ತಾನೇ ತೊಳೆದು, ಹಿತ್ತಲ ಕಟ್ಟೆಯ ಮೂಲೆಯಲ್ಲಿ ಬೇರೆಯಾಗಿ ಬೋರಲು ಹಾಕುತ್ತಿದ್ದ. ದಿನವೂ ಅದೇ ತಟ್ಟೆ.

"ಯಾಕೆ ಅಲ್ಲಿ?"

"ನಿಮ್ಮಜ್ಜಿ ಬಂದ್ಮೇಲೆ ನಾನು ಉಂಡಿದ್ದು ಯಾವ್ದು ಅಂತ ಗೊತ್ತಾಗ್ಲಿ ಅಂತ." ದನಿಯಲ್ಲಿ ಕಹಿ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. "ಹಳೇ ಕಾಲದೋರು. ಸುಮ್ನೆ ಅವ್ರ ಮನಸ್ಸಿಗೆ ಯಾಕೆ ಕಸಿವಿಸಿ?"

ನಾನು ಆ ತಟ್ಟೆ ತಂದು, ಅಡುಗೆಮನೆಯ ಸ್ಟ್ಯಾಂಡಿನಲ್ಲಿ ನನ್ನ ತಟ್ಟೆಗೂ ಅಜ್ಜಿಯ ತಟ್ಟೆಗೂ ನಡುವೆ ಸಿಕ್ಕಿಸಿದೆ.

"ಈಗ ಹುಡುಕಿ ನೋಡೋಣ ಯಾವುದು ಅಂತ."

ಅವನು ಬಾಗಿಲಲ್ಲಿ ನಿಂತು ಸ್ಟ್ಯಾಂಡನ್ನೇ ನೋಡಿದ. ಆ ಎಡತುದಿಯ ನಗು ಈ ಸಲ ಅಪ್ಪಣೆ ಕೇಳಲಿಲ್ಲ, ಮುಖದ ತುಂಬ ಹರಡಿತು.

ಅಜ್ಜಿಯ ಫೋನ್ ಬಂತು: ಭಾನುವಾರ ಬರುತ್ತೇನೆ.

ಅಂದು ಸಂಜೆ ಅಭಿಲಾಷ್ ಪಾಕೆಟ್ಟು ತಂದಿರಲಿಲ್ಲ. ಬರಿಗೈಯಲ್ಲಿ ಬಂದು ಮಣೆಯ ಮೇಲೆ ಕೂತ. ನಾನು ಬೆಕ್ಕುಗಳಿಗೆ ಮೊಸರನ್ನ ಬಡಿಸಿದೆ. ಅವು ತಿಂದವು.

"ಸರಿ. ಇನ್ನು ನನ್ ಡ್ಯೂಟಿ ಮುಗೀತು," ಎಂದ. "ಅಜ್ಜಿ ಬಂದ್ರೆ ಇಬ್ರಾಗ್ತೀರ. ತಿಂತಾವೆ."

ನನ್ನ ಕೈ ನಿಂತಿತು. "ನಿಮಗೆ ಗೊತ್ತಿತ್ತಾ?"

"ದೋಸೆ ದಿನಾನೇ ಅನುಮಾನ ಬಂತು. ನೀವು ಒಳಗೆ ದೋಸೆ ತಿರುವೋಕೆ ಎದ್ದೋದ್ರೆ ಅವೂ ತಿನ್ನೋದು ನಿಲ್ಲಿಸ್ತಿದ್ವು."

"ಮತ್ತೆ ಆ ಸೀಗಡಿ? ಆ ಬಾತುಕೋಳಿ? ಅದೆಲ್ಲ?"

"ಅಂಗಡಿ ಬಾಗ್ಲು ಹಾಕಿ, ಸುಮ್ನೆ ಬಂದೆ ಅಂತ ಹೇಳೋಕೆ ನಂಗೆ ಧೈರ್ಯ ಇರ್ಲಿಲ್ಲ ಕಣ್ರೀ. ಕೈಯಲ್ಲಿ ಏನಾದ್ರೂ ಬೇಕಿತ್ತು." ಮೊದಲ ಬಾರಿಗೆ ಅವನು ನೆಲ ನೋಡುತ್ತ ಮಾತಾಡಿದ. "ನಿಮಗೆ ಈಗ ಹೇಳಿದ್ಮೇಲೆ ಕೋಪ ಬಂದಿದ್ರೆ..."

"ನನಗೂ ಗೊತ್ತಿತ್ತು."

ತಲೆಯೆತ್ತಿದ.

"ಗೊತ್ತಿದ್ದೂ ದಿನಾ ಆ ಪಾಕೆಟ್ಟಿನ ಹಿಂದೆ ಬರೆದಿರೋದನ್ನೆಲ್ಲ ಓದ್ತಿದ್ದೆ, ಅಭಿಲಾಷ್. ಪ್ರೋಟೀನ್ ಎಷ್ಟು, ಬೂದಿಯ ಅಂಶ ಎಷ್ಟು, ನಾರು ಎಷ್ಟು ಅಂತ ಬಾಯಿಪಾಠ ಆಗಿದೆ. ಪ್ರೀತಿ ಇಲ್ಲದೆ ಯಾರಾದ್ರೂ ಅದನ್ನ ಓದ್ತಾರಾ?"

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ, ಎಡಗೈಯಿಂದ, ಬಲಗೈ ಎಂಜಲಾಗಿತ್ತು.

"ಭಾನುವಾರ ಊಟಕ್ಕೆ ಬನ್ನಿ," ಎಂದೆ.

"ನಿಮ್ಮಜ್ಜಿ ಜಗಲಿ ಮೇಲೆ ಕೂರ್ಸಿ ಕಾಫಿ ಕೊಟ್ಟು ಕಳಿಸ್ತಾರೆ. ನಾನೇನು ಬೇಜಾರು ಮಾಡ್ಕೊಳಲ್ಲ."

"ನಾನು ಮಾಡ್ಕೋತೀನಿ."

ಅಜ್ಜಿಯ ಹತ್ತಿರ ಒಂದು ಕಥೆಯಿತ್ತು. ನಾನು ಊಟಕ್ಕೆ ರಚ್ಚೆ ಹಿಡಿದಾಗಲೆಲ್ಲ ತುತ್ತು ಕಲೆಸುತ್ತ ಹೇಳುತ್ತಿದ್ದರು. ಒಬ್ಬಳು ರಾಜಕುಮಾರಿ ಕುದುರೆ ಲಾಯದ ಹುಡುಗನನ್ನು ಮೆಚ್ಚಿದಳಂತೆ. ರಾಜ ಆಗದು ಎಂದನಂತೆ. ಅವಳು ಅಳಲಿಲ್ಲ, ಓಡಿಹೋಗಲಿಲ್ಲ. ಚಿನ್ನದ ತಟ್ಟೆಯ ಮುಂದೆ ಕೂತು, ಒಂದಗುಳೂ ಮುಟ್ಟದೆ ಸುಮ್ಮನೆ ಅಪ್ಪನನ್ನೇ ನೋಡಿದಳಂತೆ. ಆ ರಾಜಕುಮಾರಿ ನನ್ನೊಳಗೆ ಎಷ್ಟು ವರ್ಷ ಹಸಿದು ಕೂತಿದ್ದಳೋ.

ಭಾನುವಾರ ಅಜ್ಜಿ ಬಂದರು. ಹೊಸ ಮಂಡಿ, ಕೈಯಲ್ಲಿ ಕೋಲು, ಗತ್ತು ಮಾತ್ರ ಹಳೆಯದೇ. ಬಾಗಿಲಲ್ಲೇ ಮೂಗರಳಿಸಿದರು. "ಏನೇ ಇದು, ಮನೆ ಮೀನು ಮಾರ್ಕೆಟ್ ಥರ ನಾರ್ತಾ ಇದೆ?" ಎಲ್ಲ ಹೇಳಿದೆ. ಅಂಗಡಿಯಿಂದ ಹಿಡಿದು ಪ್ರೀತಿಯ ತನಕ. ಅಜ್ಜಿ ಕೋಲಿನ ಹಿಡಿಕೆ ಉಜ್ಜುತ್ತ ಕೇಳಿಸಿಕೊಂಡರು.

ಅಭಿಲಾಷ್ ಇಸ್ತ್ರಿ ಮಾಡಿದ ಷರಟು ಹಾಕಿ, ಅವ್ವ ಕೊಟ್ಟ ಸೊಗಡು ಅವರೆಕಾಯಿಯ ಚೀಲ ಹಿಡಿದು ಬಂದ. ಅಜ್ಜಿ ಬಾಯ್ತುಂಬ ಮಾತಾಡಿಸಿದರು. ಜಗಲಿಯ ಮೇಲೆ ಕೂರಿಸಿ ಲೋಟ ತುಂಬ ಕಾಫಿ ಕೊಡಿಸಿದರು. ಆಮೇಲೆ ಒಳಗೆ ಬಂದು, "ತಟ್ಟೆ ಹಾಕೇ, ಹಸಿವಾಯ್ತು," ಎಂದರು.

ಡಾಕ್ಟರು ನೆಲಕ್ಕೆ ಕೂರಬೇಡಿ ಎಂದಿದ್ದರಿಂದ ಅಜ್ಜಿ ಕುರ್ಚಿಯಲ್ಲಿ ಕೂತರು. ನಾನು ನೆಲದ ಮೇಲೆ. ನಡುವೆ ಮಣೆ ಖಾಲಿ. ತುದಿಯಲ್ಲಿ ಗಿಣ್ಣು, ಕಾಡಿಗೆ.

"ಹೂಂ, ಶುರು ಮಾಡಿ."

ನಾನು ಬೆಕ್ಕುಗಳ ಮೇಲೆ ಆಸೆ ಇಟ್ಟಿದ್ದೆ. ಮಣೆ ಖಾಲಿ ನೋಡಿ ಮುಖ ತಿರುಗಿಸುತ್ತವೆ, ಅಜ್ಜಿಯ ಮನಸ್ಸು ಕರಗುತ್ತದೆ ಎಂದು. ದ್ರೋಹಿಗಳು! ಅಜ್ಜಿಯ ದನಿ ಕೇಳಿದ್ದೇ ತಡ, ಬಾಲ ನಿಗುರಿಸಿಕೊಂಡು ಮೊಸರನ್ನಕ್ಕೆ ಬಿದ್ದವು.

ಸರಿ. ಇನ್ನು ನನ್ನದು ನಾನೇ ನೋಡಿಕೊಳ್ಳಬೇಕು. ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ.

"ತಿನ್ನೇ."

"ಊಹೂಂ."

"ಏನು, ಬೆಕ್ಕಿಗೆ ಬಂದ ರೋಗ ನಿನಗೂ ಬಂತಾ?"

"ಹೂಂ ಅಜ್ಜಿ. ಅದೇ ರೋಗ."

ಸಾರಿನ ಹಬೆ ಅಡಗಿತು. ಅಜ್ಜಿಯೂ ತುತ್ತೆತ್ತಲಿಲ್ಲ. ಮೊಮ್ಮಗಳು ಹಸಿದಿರುವಾಗ ಅವರು ಎಂದೂ ಉಂಡವರಲ್ಲ. ಜಗಲಿಯಿಂದ ಅಭಿಲಾಷ್, "ಅಮ್ಮ, ನಾನು ಹೊರಡ್ತೀನಿ, ಕಾಫಿ ಚೆನ್ನಾಗಿತ್ತು," ಎಂದ. ಆದರೂ ನಾನು ಅಲ್ಲಾಡಲಿಲ್ಲ.

"ಇರಪ್ಪಾ!" ಅಜ್ಜಿ ಗದರಿದರು. ಆಮೇಲೆ ನನ್ನ ಕಡೆ ಬಾಗಿ, ತಗ್ಗಿದ ದನಿಯಲ್ಲಿ, "ಇಷ್ಟು ದಿನ ಎಲ್ಲಿ ಕೂತು ಉಂಡ ಅವನು?"

"ನಿಮ್ಮ ಮಣೆ ಮೇಲೆ."

"ನನ್ನ ಮಣೆ ಮೇಲಾ!"

"ಅವನು ಕೂತದ್ದಕ್ಕೇ ಇವು ಬದುಕಿದ್ದು. ಅಜ್ಜಿ, ಆ ರಾಜಕುಮಾರಿ ಕಥೇಲಿ ಕೊನೆಗೆ ರಾಜ ಏನು ಮಾಡ್ದ?"

ಅಜ್ಜಿ ಮಣೆಯನ್ನು ನೋಡಿದರು. ಹೊಲಿಗೆಯ ಗುರುತಿನ್ನೂ ಮಾಯದ ತಮ್ಮ ಮಂಡಿಯನ್ನು ಸೀರೆಯ ಮೇಲಿಂದಲೇ ಸವರಿದರು. ಕಾಡಿಗೆ ತಟ್ಟೆ ಮುಗಿಸಿ ಮೀಸೆ ಒರೆಸಿಕೊಳ್ಳುತ್ತಿದ್ದ. ಅವನ ಹೊಟ್ಟೆ ಗುಂಡಗಾಗಿದ್ದನ್ನು ಅಜ್ಜಿ ನೋಡಿದರು.

ಆಮೇಲೆ ಕೋಲಿನ ತುದಿಯಿಂದ ಮಣೆಯನ್ನು ಮೆಲ್ಲಗೆ ತಳ್ಳಿದರು. ಅದು ಗರಗರ ಸದ್ದು ಮಾಡುತ್ತ ಬಂದು ನನ್ನ ಪಕ್ಕ ನಿಂತಿತು.

"ರಾಜ ತಾನೇ ಮಣೆ ಹಾಕಿದ," ಎಂದರು ಅಜ್ಜಿ. "ಸುಡುಗಾಡು ಕಥೆ. ಹೇಳಿದ್ದು ನಾನೇ." ಜಗಲಿಯ ಕಡೆ ದನಿಯೆತ್ತಿದರು. "ಏನಪ್ಪಾ, ಅಭಿಲಾಷ! ಕೈ ತೊಳ್ಕೊಂಡು ಬಾ. ಸಾರು ಬಿಸಿ ಮಾಡೋರು ಯಾರೂ ಇಲ್ಲ ಇಲ್ಲಿ, ತಣ್ಣಗಿರೋದನ್ನೇ ತಿನ್ಬೇಕು."

ಅವನು ಬಾಗಿಲಲ್ಲಿ ನಿಂತ, ಒದ್ದೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ. ನಾನು ಎದ್ದು ಸ್ಟ್ಯಾಂಡಿನಿಂದ ತಟ್ಟೆ ತಂದೆ. ಯಾವುದು ಅವನದು ಎಂದು ಹುಡುಕಲಿಲ್ಲ. ಕೈಗೆ ಸಿಕ್ಕಿದ್ದು ತಂದೆ.

ಎಲ್ಲರಿಗೂ ಬಡಿಸಿಯಾಯಿತು. ಊಟ ಮುಗಿಸಿದ್ದ ಗಿಣ್ಣು ಕೂಡ ಮತ್ತೆ ತನ್ನ ಖಾಲಿ ತಟ್ಟೆಯ ಮುಂದೆ ಬಂದು ಕೂತಳು.

"ಹೂಂ," ಎಂದರು ಅಜ್ಜಿ, ಯಾರ ಮುಖವನ್ನೂ ನೋಡದೆ. "ಶುರು ಮಾಡಿ."

ತಣ್ಣಗಾದ ಆ ಸಾರಿಗೆ ಉಪ್ಪು ಕಮ್ಮಿಯಿತ್ತು. ನನ್ನ ಪಕ್ಕದಲ್ಲಿ ಅವನು ಅದನ್ನು ಹೇಳಲು ಬಾಯಿ ತೆರೆದು, ಅಜ್ಜಿಯ ಕಡೆ ನೋಡಿ, ಮುಚ್ಚಿಕೊಂಡ. ನಾನು ಎರಡನೆಯ ಸಲ ಬಡಿಸಿಕೊಂಡೆ.